ಗರ್ಭಕೋಶದ ಒಳಪದರದ ಕ್ಯಾನ್ಸರ್: ಚಿಕಿತ್ಸೆಗಳ ವಿಮರ್ಶೆ, ಅಂಕಗಳ ಸಮೇತ

ಮುಟ್ಟು ನಿಂತ ಮೇಲೆ ಕಾಣಿಸುವ ರಕ್ತ ಈ ಕ್ಯಾನ್ಸರನ್ನು ಬಹುತೇಕ ಮೊದಲ ಹಂತದಲ್ಲೇ ಹಿಡಿದುಕೊಡುತ್ತದೆ. ಹಾಗಾಗಿ ಇಲ್ಲಿ ಚಿಕಿತ್ಸೆ ಸಾಲದೆ ಹೋಗುವ ಭಯ ಎಷ್ಟಿದೆಯೋ, ಅತಿಯಾಗುವ ಭಯವೂ ಅಷ್ಟೇ ಇದೆ. ಅಂಕ ಕೊಡುವಾಗ ನೋಡಿದ್ದು ಎರಡನ್ನೇ: ರೋಗ ಮರಳದಂತೆ ಎಷ್ಟು ತಡೆಯುತ್ತದೆ, ಅದಕ್ಕಾಗಿ ದೇಹ ಏನು ತೆರಬೇಕು.

ಆಪರೇಷನ್‌ಗೆ ಐದಕ್ಕೆ ಐದು. ಗರ್ಭಕೋಶ, ಅದರ ಕಂಠ, ಅಂಡನಾಳ, ಅಂಡಾಶಯ ತೆಗೆದರೆ ಬಹಳ ಮಂದಿಗೆ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಹೊಟ್ಟೆ ಕೊಯ್ಯಬೇಕೋ, ಕೀಹೋಲ್ ಸಾಕೋ ಎಂಬ ಜಗಳ ಹಳೆಯದು. ಲ್ಯಾಪ್-2, ಲೇಸ್ ಎಂಬ ಎರಡು ದೊಡ್ಡ ಅಧ್ಯಯನಗಳಲ್ಲಿ ಎರಡೂ ವಿಧಾನದವರು ಒಂದೇ ಪ್ರಮಾಣದಲ್ಲಿ ಬದುಕುಳಿದರು. ಕೀಹೋಲಿನವರು ಬೇಗ ಎದ್ದು ಓಡಾಡಿದರು. ಕೀಹೋಲ್ ಅಪಾಯಕಾರಿ ಎಂದು 2018ರಲ್ಲಿ ಬಂದ ವರದಿ ಗರ್ಭಕಂಠದ ಕ್ಯಾನ್ಸರಿನದು, ಅದನ್ನು ತಂದು ಇದಕ್ಕೆ ಅಂಟಿಸಬಾರದು. ಷರತ್ತು ಒಂದೇ, ಗರ್ಭಕೋಶ ಇಡಿಯಾಗಿ ಹೊರಬರಬೇಕು. ಯೋನಿಯ ದಾರಿಯಲ್ಲಿ ಬಾರದಷ್ಟು ದೊಡ್ಡದಿದ್ದರೆ ಒಳಗೇ ಚೂರು ಮಾಡಿ ಎಳೆಯುವುದು ತಪ್ಪು, ಕ್ಯಾನ್ಸರ್ ಕಣ ಹೊಟ್ಟೆಯೊಳಗೆ ಚೆಲ್ಲುತ್ತದೆ. ಆಗ ಚಿಕ್ಕದೊಂದು ಕೊಯ್ತ ಹಾಕಿ ತೆಗೆಯುವುದೇ ಸರಿ. ಯೋನಿಯ ತುದಿಯ ಹೊಲಿಗೆ ಬಿಚ್ಚಿಕೊಳ್ಳುವುದು ಅಪರೂಪವಾದರೂ ಕೀಹೋಲಿನಲ್ಲಿ ತುಸು ಹೆಚ್ಚು. ಕನಿಷ್ಠ 8 ವಾರ ಲೈಂಗಿಕ ಸಂಪರ್ಕ ಬೇಡ. ನೀರಿನಂಥ ಸ್ರಾವವೋ ಹಠಾತ್ ರಕ್ತವೋ ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಸೊಂಟದ ದುಗ್ಧಗ್ರಂಥಿಗಳನ್ನೆಲ್ಲ (ಲಿಂಫ್ ನೋಡ್) ಬಾಚಿ ತೆಗೆಯುವ ಹಳೆಯ ಪದ್ಧತಿಗೆ ಒಂದೇ ಅಂಕ. ಆರಂಭದ ಹಂತದಲ್ಲಿ ಹಾಗೆ ಮಾಡಿದ್ದರಿಂದ ಆಯುಷ್ಯ ಹೆಚ್ಚಲಿಲ್ಲ ಎಂದು 2008-09ರಲ್ಲೇ ಎರಡು ಅಧ್ಯಯನಗಳು ತೋರಿಸಿವೆ. ಉಳಿದದ್ದು ಕಾಲಿನ ಬಾವು. ಈಗ ಆ ಜಾಗಕ್ಕೆ ಬಂದಿರುವ ಸೆಂಟಿನೆಲ್ ಗ್ರಂಥಿ ವಿಧಾನ (ರೋಗ ಮೊದಲು ತಲುಪುವ ಗ್ರಂಥಿಯನ್ನಷ್ಟೇ ಬಣ್ಣದಿಂದ ಗುರುತಿಸಿ ತೆಗೆಯುವುದು) ಚೆನ್ನಾಗಿದೆ, ಮಾಡುವ ಕೈ ಪಳಗಿದ್ದರೆ. ಐಸಿಜಿ ಎಂಬ ಹಸಿರು ಬಣ್ಣದ 25 ಮಿ.ಗ್ರಾಂ. ಪುಡಿಯನ್ನು 20 ಮಿ.ಲೀ. ಶುದ್ಧ ನೀರಿನಲ್ಲಿ ಕದಡಬೇಕು. ಸಲೈನ್ ಬಳಸಿದರೆ ಬಣ್ಣ ಗರಣೆ ಕಟ್ಟುತ್ತದೆ, ಆಮೇಲೆ ಕ್ಯಾಮೆರಾದಲ್ಲಿ ಏನೂ ಹೊಳೆಯುವುದಿಲ್ಲ. ಗರ್ಭಕಂಠಕ್ಕೆ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಚುಚ್ಚುವುದು: ಒಂದೊಂದು ಬದಿಗೂ 1 ಮಿ.ಲೀ. ಮೇಲ್ಪದರಕ್ಕೆ, 1 ಮಿ.ಲೀ. ಆಳಕ್ಕೆ. ಪಿಸ್ಟನ್ ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ, ಇಲ್ಲವೇ ಒಳಪೊರೆ ಬಿಡಿಸುವಾಗ ನಾಳ ಹರಿದರೆ, ಸೊಂಟವೆಲ್ಲ ಹಸಿರಾಗಿ ಯಾವುದು ಗ್ರಂಥಿ ಎಂದೇ ತಿಳಿಯುವುದಿಲ್ಲ. ಒಂದು ಬದಿ ಹೊಳೆಯದಿದ್ದರೆ ಮತ್ತೊಮ್ಮೆ ಚುಚ್ಚಬೇಕು. ಆಗಲೂ ಹೊಳೆಯದಿದ್ದರೆ ಆ ಬದಿಯದಷ್ಟನ್ನೇ ಹಳೆಯ ರೀತಿಯಲ್ಲಿ ತೆಗೆಯುವ ಮಾತು. ಊದಿಕೊಂಡು ಗಟ್ಟಿಯಾದ ಗ್ರಂಥಿ ಕಂಡರೆ ಅದು ಹೊಳೆಯಲಿ ಬಿಡಲಿ ತೆಗೆಯಲೇಬೇಕು, ಏಕೆಂದರೆ ಕ್ಯಾನ್ಸರ್ ತುಂಬಿದ ಗ್ರಂಥಿಯೊಳಕ್ಕೆ ಬಣ್ಣ ಹೋಗದೆ ಪಕ್ಕದಿಂದ ಹಾದುಬಿಡುತ್ತದೆ. 2017ರ ಫೈರ್ಸ್ ಅಧ್ಯಯನದಲ್ಲಿ ಬಣ್ಣ ಹಿಡಿದವರ ಪೈಕಿ, ಗ್ರಂಥಿಗೆ ರೋಗ ಹರಡಿದ್ದ ಶೇ 97.2 ಮಂದಿಯಲ್ಲಿ ಈ ವಿಧಾನ ಅದನ್ನು ಪತ್ತೆ ಮಾಡಿತು. ನಾಲ್ಕೂವರೆ ಅಂಕ. ಅರ್ಧ ಕಡಿದದ್ದು, ಗ್ರಂಥಿ ಎಂದು ಕಳಿಸಿದ ತುಣುಕಿನಲ್ಲಿ ಕೆಲವೊಮ್ಮೆ ಬರೀ ಕೊಬ್ಬು ಸಿಗುವುದಕ್ಕೆ.

ನಮ್ಮ ಲೆಕ್ಕದಲ್ಲಿ ಇಡೀ ಸರಣಿಯಲ್ಲಿ ಅತಿ ಮುಖ್ಯವಾದದ್ದು, ಅತಿ ಹೆಚ್ಚು ಕಡೆಗಣಿಸಲ್ಪಡುವುದೂ, ಪೆಥಾಲಜಿ ರಿಪೋರ್ಟ್, ಅಂದರೆ ತೆಗೆದ ಅಂಗಾಂಶದ ಪರೀಕ್ಷಾ ವರದಿ. ಗ್ರೇಡ್ (ಜೀವಕೋಶ ಎಷ್ಟು ಉಗ್ರವಾಗಿ ಕಾಣುತ್ತದೆ ಎಂಬ 1ರಿಂದ 3ರ ಅಳತೆ), ಸ್ನಾಯುವಿನೊಳಗೆ ಇಳಿದ ಆಳ ಇಷ್ಟೇ ಇದ್ದರೆ ಅದು ಅರ್ಧ ರಿಪೋರ್ಟ್. ರಕ್ತನಾಳ, ದುಗ್ಧನಾಳಗಳಿಗೆ ಹೊಕ್ಕಿದೆ ಎಂದು ಬರೆದರೆ ಸಾಲದು, ಎಷ್ಟು ನಾಳಗಳಲ್ಲಿ ಎಂಬುದೂ ಬೇಕು. ಐದು ಅಥವಾ ಹೆಚ್ಚಿದ್ದರೆ ಚಿಕಿತ್ಸೆಯೇ ಬದಲಾದೀತು. ಜೊತೆಗೆ ಪಿ53 (ಗಡ್ಡೆ ಬೆಳೆಯದಂತೆ ತಡೆಯುವ ಪ್ರೋಟೀನು), ಡಿಎನ್‌ಎಯ ತಪ್ಪು ತಿದ್ದುವ ಎಂಎಂಆರ್‌ನ ನಾಲ್ಕು ಪ್ರೋಟೀನುಗಳು (ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6), ಹಾರ್ಮೋನ್ ರಿಸೆಪ್ಟರ್, ಸಾಧ್ಯವಿದ್ದಲ್ಲಿ ಡಿಎನ್‌ಎ ನಕಲು ಮಾಡುವ ಪೋಲ್ ಜೀನಿನ ಪರೀಕ್ಷೆ. ಒಂದೇ ಥರ ಕಾಣುವ ಗಡ್ಡೆಗಳು ಒಳಗೆ ನಾಲ್ಕು ಬೇರೆ ಜಾತಿಯವು ಎಂದು 2013ರಲ್ಲೇ ಗೊತ್ತಾಯಿತು, ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೋದ 2023ರ ಹಂತ ವಿಂಗಡಣೆಗೂ ಅದು ಸೇರಿದೆ. ಪರೀಕ್ಷೆಗೆ ಆಪರೇಷನ್‌ಗೆ ಮುಂಚಿನ ಬಯಾಪ್ಸಿ ತುಣುಕೇ ಹೆಚ್ಚಾಗಿ ಒಳ್ಳೆಯದು. ಸಣ್ಣ ತುಣುಕಿಗೆ ಫಾರ್ಮಲಿನ್ ಬೇಗ ಇಳಿಯುತ್ತದೆ. ತೆರೆಯದೆ ಡಬ್ಬಿಗೆ ಹಾಕಿದ ಇಡೀ ಗರ್ಭಕೋಶದ ಒಳಪದರಕ್ಕೆ ಅದು ಮುಟ್ಟುವಷ್ಟರಲ್ಲಿ ಜೀವಕೋಶ ಕೆಟ್ಟು ಬಣ್ಣ ಸರಿಯಾಗಿ ಹಿಡಿಯದು. ಎಂಎಂಆರ್ ಪ್ರೋಟೀನು ಕಾಣೆಯಾಗಿದ್ದರೆ ಲಿಂಚ್ ಸಿಂಡ್ರೋಮ್ (ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ) ಇದೆಯೇ ಎಂದು ಮುಂದಿನ ಪರೀಕ್ಷೆ ಆಗಲೇಬೇಕು. ಇದ್ದರೆ ಮಕ್ಕಳು, ಒಡಹುಟ್ಟಿದವರ ಕರುಳಿನ ತಪಾಸಣೆಗೂ ಅದು ದಾರಿ.

ಮುಂದಿನದೆಲ್ಲ ಈ ಹಾಳೆಯ ಮೇಲೇ ನಿಂತಿದೆ. ಆರಂಭದ ಹಂತದಲ್ಲಿ ಪೋಲ್ ಬದಲಾವಣೆ ಇದ್ದರೆ, ಗ್ರೇಡ್ 3 ಆಗಿದ್ದರೂ ಆಪರೇಷನ್ ನಂತರ ಏನೂ ಬೇಡ ಎನ್ನಬಹುದು. ಪಿ53 ಕೆಟ್ಟು, ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ಕೀಮೋ ಸೇರಿಸುವುದು ಒಳ್ಳೆಯದು; ಪೋರ್ಟೆಕ್-3 ಅಧ್ಯಯನದಲ್ಲಿ ಕೀಮೋದಿಂದ ಸ್ಪಷ್ಟ ಲಾಭ ಕಂಡದ್ದು ಈ ಗುಂಪಿಗೇ. ಅಲ್ಲಿ ಕೊಟ್ಟದ್ದು 27 ಸಲಕ್ಕೆ 48.6 ಗ್ರೇ (ವಿಕಿರಣದ ಅಳತೆ) ಹೊರ ರೇಡಿಯೇಷನ್, ನಡುವೆ 2 ಸಲ ಸಿಸ್ಪ್ಲಾಟಿನ್ ಕೀಮೋ, ಆಮೇಲೆ 21 ದಿನಕ್ಕೊಮ್ಮೆ 4 ಸಲ ಕಾರ್ಬೊಪ್ಲಾಟಿನ್-ಪ್ಯಾಕ್ಲಿಟ್ಯಾಕ್ಸೆಲ್. ಬೆರಳ ತುದಿ ಜೋಮು ಹಿಡಿಯುವುದು ಇದರ ದೊಡ್ಡ ಬಾಧೆ. ಅಂಗಿಯ ಗುಂಡಿ ಹಾಕಲು ಕಷ್ಟವಾದರೆ ಮುಂದಿನ ಡೋಸಿಗೆ ಮೊದಲೇ ಹೇಳಬೇಕು.

ಮಧ್ಯಮ ಅಪಾಯದವರಿಗೆ ನಮ್ಮ ಆಯ್ಕೆ ಬ್ರಾಕಿಥೆರಪಿ, ಅಂದರೆ ಯೋನಿಯೊಳಗಿನಿಂದಲೇ ಕೊಡುವ ರೇಡಿಯೇಷನ್. ನಾಲ್ಕೂಮುಕ್ಕಾಲು. 2010ರ ಪೋರ್ಟೆಕ್-2 ಅಧ್ಯಯನದಲ್ಲಿ 5 ವರ್ಷಕ್ಕೆ ಯೋನಿಯಲ್ಲಿ ರೋಗ ಮರಳಿದ್ದು ಇದರಲ್ಲಿ ಶೇ 1.8, ಇಡೀ ಸೊಂಟಕ್ಕೆ ಹೊರಗಿನಿಂದ ಕೊಟ್ಟಾಗ ಶೇ 1.6. ಭೇದಿಯ ಕಾಟ ಮಾತ್ರ ಬ್ರಾಕಿಥೆರಪಿಯಲ್ಲಿ ಬಹಳ ಕಡಿಮೆ. ಸಾಧನ ನೋಡಲು ಸರಳ: ತುದಿ ಗುಮ್ಮಟದಂತಿರುವ ಪ್ಲಾಸ್ಟಿಕ್ ಸಿಲಿಂಡರ್, ಅಡ್ಡಳತೆ 2ರಿಂದ 3.5 ಸೆಂ.ಮೀ. ನೋವಾಗದಂತೆ ಹಿಡಿಸುವ ಅತಿ ದೊಡ್ಡದನ್ನೇ ಹಾಕಬೇಕು. ಚಿಕ್ಕದಾದರೆ ಸುತ್ತ ಗಾಳಿ ನಿಲ್ಲುತ್ತದೆ, ಗಾಳಿ ನಿಂತಲ್ಲಿ ಒಳಚರ್ಮ ದೂರ ಸರಿದು ಡೋಸ್ ಕಡಿಮೆಯಾಗುತ್ತದೆ. ಮೊದಲ ದಿನ ಸಿಟಿ ತೆಗೆಯುವುದು ಇದನ್ನು ನೋಡುವುದಕ್ಕೂ ಹೌದು. ಅರಿವಳಿಕೆ ಬೇಡ. ಇರಿಡಿಯಂ-192ರ ಸಣ್ಣ ಕಣ ತಂತಿಯ ತುದಿಯಲ್ಲಿ ಒಳಹೋಗಿ, ಕೆಲವು ನಿಮಿಷ ನಿಂತು ಹೊರಬರುತ್ತದೆ. ಆಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ, ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ. ಇರಿಡಿಯಂನ ಅರ್ಧಾಯುಷ್ಯ ಸುಮಾರು 74 ದಿನ, ಆದ್ದರಿಂದ ಮೂರನೇ ಸಲ ಮೊದಲ ಸಲಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿದರೆ ಯಂತ್ರ ಕೆಟ್ಟಿದೆ ಎಂದು ಗಾಬರಿ ಬೇಡ. ಒಂದು ಕಡೆ 7 ಗ್ರೇಯ 3 ಸಲ, ಇನ್ನೊಂದು ಕಡೆ 6 ಗ್ರೇಯ 5 ಸಲ ಎಂದರೆ ಎರಡನೆಯದು ಹೆಚ್ಚೆಂದು ತಿಳಿಯಬಾರದು. ಮೊದಲನೆಯದನ್ನು ಸಾಮಾನ್ಯವಾಗಿ 5 ಮಿ.ಮೀ. ಆಳಕ್ಕೆ, ಎರಡನೆಯದನ್ನು ಮೇಲ್ಮೈಗೆ ಲೆಕ್ಕ ಹಾಕಿರುತ್ತಾರೆ.

ಕಾಲು ಅಂಕ ಕಡಿದದ್ದು ಯೋನಿ ಕಿರಿದಾಗುವುದಕ್ಕೆ. ಅದಕ್ಕೆ ಕೊಡುವ ಡೈಲೇಟರನ್ನು ಬಹಳ ಕಡೆ ಬಳಸುವ ಬಗೆ ಹೇಳದೆ ಕೈಗಿಟ್ಟು ಕಳಿಸುತ್ತಾರೆ. ಕೊನೆಯ ಸಲ ಆಗಿ 2ರಿಂದ 4 ವಾರಕ್ಕೆ ಶುರು, ಚಿಕ್ಕ ಅಳತೆಯಿಂದ; ವಾರಕ್ಕೆ 2-3 ಸಲ, 5-10 ನಿಮಿಷ. ಜೆಲ್ ನೀರಿನದಿರಲಿ, ಸಿಲಿಕೋನ್ ಡೈಲೇಟರಿಗೆ ಸಿಲಿಕೋನ್ ಜೆಲ್ ಹಚ್ಚಿದರೆ ಮೇಲ್ಮೈ ಅಂಟಂಟಾಗುತ್ತದೆ. ತೆಳು ಗುಲಾಬಿ ಕಲೆ ಪರವಾಗಿಲ್ಲ. ಕೆಂಪು ರಕ್ತ ಹರಿದರೆ ನಿಲ್ಲಿಸಿ ತೋರಿಸಬೇಕು.

ಹರಡಿದ ಅಥವಾ ಮರಳಿದ ರೋಗಕ್ಕೆ ಕಾರ್ಬೊಪ್ಲಾಟಿನ್-ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ಪೆಂಬ್ರೊಲಿಜುಮ್ಯಾಬ್ ಅಥವಾ ಡೊಸ್ಟಾರ್ಲಿಮ್ಯಾಬ್ (ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರಿನ ಮೇಲೆ ಬಿಡುವ ಇಮ್ಯುನೊಥೆರಪಿ ಔಷಧಿಗಳು) ಸೇರಿಸುವುದು 2023ರ ದೊಡ್ಡ ಬದಲಾವಣೆ. ಡೊಸ್ಟಾರ್ಲಿಮ್ಯಾಬಿನ ರೂಬಿ ಅಧ್ಯಯನದಲ್ಲಿ ಎಂಎಂಆರ್ ಕೆಟ್ಟವರ ಪೈಕಿ 24 ತಿಂಗಳಾದರೂ ರೋಗ ಮುಂದುವರಿಯದವರು ಶೇ 61.4, ಬರೀ ಕೀಮೋದಲ್ಲಿ ಶೇ 15.7. ಎಂಎಂಆರ್ ಸರಿಯಿದ್ದವರಿಗೆ ಲಾಭ ಇಷ್ಟು ದೊಡ್ಡದಲ್ಲ. ಥೈರಾಯ್ಡ್ ಕೆಡುವುದು ಸಾಮಾನ್ಯ, ಮಾತ್ರೆಯಲ್ಲಿ ಸರಿಹೋಗುತ್ತದೆ. ಬಿಡದ ಭೇದಿ, ಹೊಸ ಕೆಮ್ಮು, ಏದುಸಿರು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥವಲ್ಲ.

ಮಕ್ಕಳು ಬೇಕೆನ್ನುವ ಕಿರಿಯರಿಗೆ ಗರ್ಭಕೋಶ ಉಳಿಸುವ ಹಾರ್ಮೋನ್ ದಾರಿಯಿದೆ. ಗ್ರೇಡ್ 1 ಆಗಿರಬೇಕು, ಎಂಆರ್‌ಐನಲ್ಲಿ ಸ್ನಾಯುವಿಗೆ ಇಳಿದಿರಬಾರದು. 52 ಮಿ.ಗ್ರಾಂ.ನ ಲೆವೊನೊರ್ಜೆಸ್ಟ್ರೆಲ್ ಐಯುಡಿ (ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ), ಇಲ್ಲವೇ ದಿನಕ್ಕೆ 160-320 ಮಿ.ಗ್ರಾಂ. ಮೆಜೆಸ್ಟ್ರಾಲ್, ಮಾತ್ರೆಯಲ್ಲಿ ತೂಕ ಏರುವುದೂ ರಕ್ತ ಹೆಪ್ಪುಗಟ್ಟುವುದೂ ಉಂಟು. ಮೂರೂವರೆ ಅಂಕ, ಏಕೆಂದರೆ ಬಹುಪಾಲು ಮಂದಿಯಲ್ಲಿ ಗಡ್ಡೆ ಕರಗಿದರೂ ಅನೇಕರಲ್ಲಿ ಮರಳುತ್ತದೆ. 3ರಿಂದ 6 ತಿಂಗಳಿಗೊಮ್ಮೆ ಬಯಾಪ್ಸಿ ತಪ್ಪಿಸುವಂತಿಲ್ಲ. ಐಯುಡಿ ಒಳಗಿರುವಾಗಲೇ ತೆಳು ಕೊಳವೆಯಲ್ಲಿ ಎಳೆದ ತುಣುಕಿನಲ್ಲಿ ರೋಗ ಸಿಗದೆ ತಪ್ಪಿಹೋಗಬಹುದು. ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಕ್ಯಾಮೆರಾ ಇಳಿಸಿ) ಕಣ್ಣಾರೆ ನೋಡಿ ತೆಗೆದದ್ದನ್ನೇ ನಂಬಬೇಕು. 12 ತಿಂಗಳಾದರೂ ಆ ತುಣುಕಿನಲ್ಲಿ ಕ್ಯಾನ್ಸರ್ ಕಾಣುತ್ತಲೇ ಇದ್ದರೆ ಡೋಸ್ ಏರಿಸುತ್ತ ಕೂರುವುದಲ್ಲ, ಆಪರೇಷನ್ ದಿನ ಗೊತ್ತುಮಾಡುವುದು.