ಕಾರು ತಗ್ಗಿಸಿದ್ದು ಎರಡು ಸಲ: ಲೋವರಿಂಗ್ ಸ್ಪ್ರಿಂಗ್ ಜೊತೆ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಲೋವರಿಂಗ್ ಸ್ಪ್ರಿಂಗ್, ಅಂದರೆ ಕಾರಿನ ಎತ್ತರ ತಗ್ಗಿಸುವ ಗಿಡ್ಡ ಸ್ಪ್ರಿಂಗ್, ನನ್ನ ಕಾರಿನಲ್ಲಿ ಈಗಿರುವುದು ಎರಡನೇ ಸೆಟ್. ಮೊದಲನೆಯದು ಎಂಟು ತಿಂಗಳಿಗೇ ಹೊರಗೆ ಬಂತು. ಮುರಿದಿರಲಿಲ್ಲ, ನಾನೇ ಬಿಚ್ಚಿಸಿದೆ. ಈಗಿನದ್ದಕ್ಕೆ ಮೂರು ವರ್ಷದ ಮೇಲಾಯಿತು, 52,000 ಕಿ.ಮೀ. ಓಡಿದೆ. ಕಂಪನಿ ಹೆಸರು ಬರೆಯುವುದಿಲ್ಲ. ಬಚ್ಚಿಡುವುದಕ್ಕಲ್ಲ. ಒಂದೇ ಕಂಪನಿ ಒಂದೊಂದು ಕಾರಿಗೆ ಒಂದೊಂದು ಪಾರ್ಟ್ ನಂಬರ್ ಮಾಡುತ್ತದೆ, ಒಂದು ಚೆನ್ನಾಗಿದೆ ಅಂತ ಇನ್ನೊಂದು ಚೆನ್ನಾಗಿರಬೇಕೆಂದೇನಿಲ್ಲ. ಹೆಸರು ನೋಡಿ ಕೊಂಡೇ ನಾನು ಮೊದಲ ಸಲ ಕೆಟ್ಟದ್ದು.

ಕಾರು ಐದು ಸೀಟಿನ ಹ್ಯಾಚ್‌ಬ್ಯಾಕ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಜೋಡಿಸುವ ಅಡ್ಡ ತೊಲೆ). ವಾರವೆಲ್ಲ ನಾನೊಬ್ಬನೇ ಓಡಿಸುತ್ತೇನೆ. ರಜೆ ಬಂತೆಂದರೆ ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ಜೊತೆಗೆ ಡಿಕ್ಕಿ ತುಂಬ ಸಾಮಾನು. ಮೊದಲ ಸೆಟ್ ಕೊಳ್ಳುವಾಗ ಈ ರಜೆಯ ದಿನಗಳು ನನ್ನ ತಲೆಯಲ್ಲೇ ಇರಲಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವ ಸಂದು ಕಣ್ಣಿಗೆ ಚುಚ್ಚುತ್ತಿತ್ತು, ಅಷ್ಟೇ. 50 ಮಿ.ಮೀ. ತಗ್ಗಿಸುವ ಸೆಟ್ ಹಾಕಿಸಿದೆ. ಖಾಲಿ ಕಾರು ನಿಂತಿದ್ದರೆ ನೋಡಲು ಸೊಗಸೋ ಸೊಗಸು.

ಮನೆಮಂದಿಯೆಲ್ಲ ಹತ್ತಿ ಹೊರಟ ಮೊದಲ ದಿನವೇ ಬಣ್ಣ ಬಯಲಾಯಿತು. ಪ್ರತಿ ಹಂಪ್‌ಗೂ ಹಿಂದಿನಿಂದ ಧಡ್ ಎಂಬ ಸದ್ದು. "ಕೆಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗಾಗ್ತಿದೆಯಲ್ಲೋ" ಅಂದರು ಅಮ್ಮ, ಹಿಂದಿನ ಸೀಟಿನಿಂದ. ನಾನು ರಸ್ತೆಯನ್ನು ಬೈದೆ. ವಾಪಸ್ ಬರುವಾಗ ಬೇರೆ ರಸ್ತೆ ಹಿಡಿದೆವು, ಸದ್ದು ಮಾತ್ರ ಅದೇ.

ಆಮೇಲೆ ಒಬ್ಬ ಹಳೆಯ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ ಇದು. ಹಿಂದಿನ ಶಾಕ್ ಅಬ್ಸಾರ್ಬರ್‌ನ ಧೂಳಿನ ಕವರ್ ಮೇಲೆ ಸರಿಸಿ, ಹೊಳೆಯುವ ರಾಡ್‌ಗೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಅದನ್ನು ಶಾಕ್‌ನ ದೇಹಕ್ಕೆ ತಾಗುವಂತೆ ಕೆಳಕ್ಕೆ ತಳ್ಳಬೇಕು. ಕಾರು ಕುಕ್ಕಿದಾಗ ಶಾಕ್‌ನ ದೇಹ ಆ ಟೈಯನ್ನು ಮೇಲಕ್ಕೆ ತಳ್ಳುತ್ತದೆ. ಕಾರು ಮತ್ತೆ ಎದ್ದರೂ ಟೈ ಅಲ್ಲೇ ನಿಲ್ಲುತ್ತದೆ. ಮನೆಗೆ ಬಂದು ಬಗ್ಗಿ ನೋಡಿದರೆ ಸಸ್ಪೆನ್ಷನ್ ಎಷ್ಟು ಕೆಳಗೆ ಹೋಗಿತ್ತು ಅಂತ ಗೊತ್ತಾಗುತ್ತದೆ. ನನ್ನ ಟೈ, ಸಸ್ಪೆನ್ಷನ್ ಪೂರ್ತಿ ಕುಸಿಯದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪ್‌ಗೆ ಒತ್ತಿ ಚಪ್ಪಟೆಯಾಗಿ, ಅರ್ಧ ಸೀಳಿ ಕೂತಿತ್ತು.

ಲೆಕ್ಕ ಹಾಕಿದ್ದು ಆ ರಾತ್ರಿ. ಕಾರಿನ ಜೊತೆಗೇ ಬಂದ ಕಂಪನಿ ಸ್ಪ್ರಿಂಗ್ ಇದ್ದಾಗ ಖಾಲಿ ಕಾರಿನ ಹಿಂದೆ ಬಂಪ್ ಸ್ಟಾಪ್‌ವರೆಗೆ ಸುಮಾರು 70 ಮಿ.ಮೀ. ಜಾಗ ಇತ್ತು. 50 ತಗ್ಗಿಸಿದ ಮೇಲೆ ಉಳಿದದ್ದು 20. ಜನ, ಸಾಮಾನು ತುಂಬಿದರೆ ನನ್ನ ಕಾರಿನ ಒಂದೊಂದು ಹಿಂಚಕ್ರಕ್ಕೂ ಹೆಚ್ಚುಕಮ್ಮಿ 100 ಕೆ.ಜಿ. ಜಾಸ್ತಿ ಬೀಳುತ್ತದೆ, ಅಂದರೆ 980 ನ್ಯೂಟನ್. ಆ 50 ಮಿ.ಮೀ. ಸೆಟ್‌ನ ಹಿಂದಿನ ಸ್ಪ್ರಿಂಗಿನ ಗಡಸುತನ ಮಿ.ಮೀ.ಗೆ 28 ನ್ಯೂಟನ್, ಅಂದರೆ ಒಂದು ಮಿ.ಮೀ. ಕುಗ್ಗಲು 28 ನ್ಯೂಟನ್ ಭಾರ ಬೇಕು. 980ನ್ನು 28ರಿಂದ ಭಾಗಿಸಿದರೆ 35. ಇರುವುದು 20, ಬೇಕಾದದ್ದು 35. ಅಂದರೆ ಗೇಟು ದಾಟುವ ಮೊದಲೇ ನಾವು ಸ್ಪ್ರಿಂಗ್ ಮೇಲಲ್ಲ, ರಬ್ಬರ್ ಮೇಲೆ ಕೂತಿದ್ದೆವು. ರಸ್ತೆ ಪಾಪ ಏನು ಮಾಡೀತು!

ಹೋಗಲಿ, ತಿರುವಿನಲ್ಲಾದರೂ ಕಾರು ಚುರುಕಾಯಿತೇ ಎಂದರೆ ಅದೂ ಇಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತುಂಬ ತಗ್ಗಿಸಿದರೆ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿಗೆ ಹಿಡಿದಿಡುವ ತೋಳು) ಚಕ್ರದ ಕಡೆಗೆ ಮೇಲ್ಮುಖವಾಗಿ ನಿಲ್ಲುತ್ತದೆ. ಕಾರಿನ ತೂಕದ ಕೇಂದ್ರ ಇಳಿದದ್ದಕ್ಕಿಂತ, ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಕೇಂದ್ರ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರನ್ನು ವಾಲಿಸುವ ಒತ್ತಡ ಹೆಚ್ಚು. ಸ್ಪ್ರಿಂಗ್ ಅದಕ್ಕೆ ತಕ್ಕಷ್ಟು ಗಡುಸಾಗಿರದಿದ್ದರೆ ವಾಲುವುದು ಕಡಿಮೆಯಾಗುವ ಬದಲು ಹೆಚ್ಚಾದರೂ ಆಶ್ಚರ್ಯವಿಲ್ಲ.

ಎರಡನೇ ಸಲ ಡಬ್ಬದ ಮೇಲಿನ ಕಾರಿನ ಚಿತ್ರ ನೋಡಲಿಲ್ಲ, ಚೀಟಿ ಓದಿದೆ. ಒಳ್ಳೆಯ ಕಂಪನಿಗಳು ಮುಂಚಕ್ರ, ಹಿಂಚಕ್ರಗಳ ಆಕ್ಸಲ್‌ಗಳಿಗೆ ಎಷ್ಟೆಷ್ಟು ಕೆ.ಜಿ.ವರೆಗೆ ಆ ಸ್ಪ್ರಿಂಗ್ ಆಗುತ್ತದೆ ಎಂದು ಕೊಟ್ಟಿರುತ್ತವೆ. ಅದನ್ನು ಕಾರಿನ ಕಂಪನಿ ತೂಕದ ಮಿತಿ ಬರೆದು ಹಾಕಿರುವ ಪ್ಲೇಟಿನ ಮೇಲಿನ ಆಕ್ಸಲ್ ತೂಕಕ್ಕೆ ಹೋಲಿಸಿ ನೋಡಬೇಕು. ಒಂದೇ ಮಾಡೆಲ್‌ನಲ್ಲೂ ಡೀಸೆಲ್ ಎಂಜಿನ್ ಮುಂದೆ ಭಾರ ಜಾಸ್ತಿ, ಪೆಟ್ರೋಲಿನ ಸ್ಪ್ರಿಂಗ್ ಹಾಕಿದರೆ ಮೂತಿ ಇನ್ನೂ ಕೆಳಗೆ ಕೂರುತ್ತದೆ. ನಾನು ಆರಿಸಿದ್ದು 25 ಮಿ.ಮೀ. ಸೆಟ್, ಹಿಂಚಕ್ರದ ಸ್ಪ್ರಿಂಗಿನ ಗಡಸುತನ ಮಿ.ಮೀ.ಗೆ 30 ನ್ಯೂಟನ್. ಕಾರಿನ ಜೊತೆ ಬಂದದ್ದು 25 ಇತ್ತು. ಈಗ ಖಾಲಿ ಕಾರಿಗೆ ಉಳಿಯುವ ಜಾಗ 45, ತುಂಬಿದ ಕಾರು ತಿನ್ನುವುದು 33. ಉಳಿದ 12 ಮಿ.ಮೀ. ಜೊತೆಗೆ ಬಂಪ್ ಸ್ಟಾಪ್ ಮೆಲ್ಲಗೆ ನೆರವಾಗುತ್ತದೆ. ದೊಡ್ಡ ಹಂಪ್‌ನಲ್ಲಿ ಈಗಲೂ ತಾಗುತ್ತದೆ, ಆದರೆ ಧಡ್ ಅನ್ನುವುದಿಲ್ಲ.

ಸ್ಪ್ರಿಂಗ್ 20% ಗಡುಸಾದರೆ ಕಾರು ಅಷ್ಟೇ ಗಡುಸಾಗಿ ಕುಣಿಯುತ್ತದೆ ಎಂದು ಹೆದರಬೇಕಿಲ್ಲ. ಮೇಲೆ ಕೆಳಗೆ ಆಡುವ ವೇಗ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಅಂದರೆ 10% ಆಸುಪಾಸು. ಮಕ್ಕಳು ಮೊದಲಿನ ಹಾಗೇ ನಿದ್ದೆ ಮಾಡುತ್ತಾರೆ. ಹಳೆಯ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಸುತ್ತು ಕಡಿಮೆಯಾದರೆ ಗಡುಸಾಗುತ್ತದೆ, ನಿಜ. ಆದರೆ ಕತ್ತರಿಸಿದ ತುದಿ ಸ್ಪ್ರಿಂಗ್ ಕೂರುವ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ನೇತಾಡಿದಾಗ ಸ್ಪ್ರಿಂಗ್ ಜಾಗ ತಪ್ಪಬಹುದು. ಆ ಕೆಲಸಕ್ಕೆ ಕೈ ಹಾಕಬೇಡಿ.

ಶಾಕ್ಸ್ ವಿಷಯದಲ್ಲಿ ಜಿಪುಣತನ ಮಾಡಿ ಪಾಠ ಕಲಿತೆ. ಹಳೆಯವನ್ನೇ ಉಳಿಸಿಕೊಂಡಿದ್ದೆ. ಹೊಸ ಗಡಸು ಸ್ಪ್ರಿಂಗನ್ನು ಹಿಡಿಯುವ ಶಕ್ತಿ ಅವಕ್ಕೆ ಇರಲಿಲ್ಲ. ಆರು ತಿಂಗಳಲ್ಲಿ ಮುಂದಿನ ಎಡಗಡೆಯದು ಎಣ್ಣೆ ಕಾರಿತು. ಮತ್ತೆ ಬಿಚ್ಚು, ಮತ್ತೆ ಕೂಲಿ, ಮತ್ತೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್. ಆಗ ತಗ್ಗಿಸಿದ ಕಾರಿಗೆಂದೇ ಮಾಡಿದ, ಗಿಡ್ಡ ದೇಹದ ಶಾಕ್ಸ್ ಹಾಕಿಸಿದೆ. ಬಿಲ್‌ಸ್ಟೈನ್‌ನಲ್ಲಿ (ಶಾಕ್ಸ್ ಮಾಡುವ ಕಂಪನಿ) ಬಿ6 ಮಾಮೂಲು ಎತ್ತರಕ್ಕೆ, ಬಿ8 ತಗ್ಗಿಸಿದ ಸ್ಪ್ರಿಂಗಿಗೆ ಎಂದು ಬೇರೆ ಬೇರೆ ಇರುವುದು ಇದಕ್ಕೇ. ಜೊತೆಗೇ ಸ್ಟ್ರಟ್‌ನ ಮೇಲಿನ ಮೌಂಟ್, ಬೇರಿಂಗ್ ಎರಡನ್ನೂ ಬದಲಾಯಿಸಿದೆ. ಸ್ಟೀರಿಂಗ್ ತಿರುಗಿಸಿದಾಗ ಬರುತ್ತಿದ್ದ ಟೊಂಯ್ ಸದ್ದು ಅಂದೇ ನಿಂತಿತು. ಅಷ್ಟು ದಿನ ಪಾಪ ಸ್ಪ್ರಿಂಗನ್ನೇ ದೂರುತ್ತಿದ್ದೆ.

ದೊಡ್ಡ ಎಡವಟ್ಟು ಆದದ್ದು ಮೊದಲ ಸಲ ಕೂರಿಸಿದ ಗ್ಯಾರೇಜಿನಲ್ಲಿ. ಕಂಟ್ರೋಲ್ ಆರ್ಮ್‌ನ ಕೀಲಿನಲ್ಲಿ ಕೂರುವ ರಬ್ಬರ್ ಬುಷ್‌ನ ಬೋಲ್ಟನ್ನು ಕಾರು ಲಿಫ್ಟ್ ಮೇಲೆ, ಚಕ್ರ ನೇತಾಡುವಾಗಲೇ ಪೂರ್ತಿ ಬಿಗಿದುಬಿಟ್ಟರು. ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಬದುಕಿತು. ಎಂಟು ತಿಂಗಳ ನಂತರ ಬಿಚ್ಚಿದಾಗ ಬುಷ್ ಒಳಗೆ ಅರ್ಧ ಚಂದ್ರಾಕಾರದ ಬಿರುಕು, ಉಗುರು ತೂರುವಷ್ಟು. ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಎರಡನೇ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ. ಮೆಕ್ಯಾನಿಕ್‌ಗೆ ಕಿರಿಕಿರಿಯಾಗಿರಬೇಕು, ಆಗಲಿ.

ಅಲೈನ್‌ಮೆಂಟ್ ಅದೇ ದಿನ ಮಾಡಿಸಿ ಕೈತೊಳೆದುಕೊಳ್ಳಬೇಡಿ. ಹೊಸ ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡಿದ ಮೇಲೆ ಇನ್ನೂ ಸ್ವಲ್ಪ ಕೂರುತ್ತದೆ, ನನ್ನದು 4 ಮಿ.ಮೀ. ಕೂತಿತು. ಎತ್ತರವನ್ನು ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ಮೊದಲ ಸೆಟ್‌ನಲ್ಲಿ ನಾನು ಅಲೈನ್‌ಮೆಂಟ್ ಎರಡನೇ ಸಲ ತೋರಿಸದೆ ಬಿಟ್ಟು, ಮುಂದಿನ ಟೈರುಗಳ ಒಳಅಂಚು ನುಣ್ಣಗಾಗಿತ್ತು. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗೇ ಇತ್ತು. ಎಲ್ಲರೂ ಕ್ಯಾಂಬರ್ ಅನ್ನು, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದನ್ನು, ಬೈಯುತ್ತಾರೆ. ಟೈರ್ ತಿನ್ನುವುದು ಹೆಚ್ಚಾಗಿ ಕೆಟ್ಟ ಟೋ, ಅಂದರೆ ಚಕ್ರಗಳ ಮುಂತುದಿ ನೇರವಾಗಿರದೆ ಒಳಕ್ಕೋ ಹೊರಕ್ಕೋ ತಿರುಗಿರುವುದು. ಹೆಡ್‌ಲೈಟ್ ಎತ್ತರವನ್ನೂ ಆಗಲೇ ನೋಡಿಸಿ. ವಿಂಡ್‌ಶೀಲ್ಡ್ ಹಿಂದೆ ಕ್ಯಾಮೆರಾ ಇರುವ ಕಾರಾದರೆ ಅದರ ಕ್ಯಾಲಿಬ್ರೇಷನ್ (ಹೊಸ ಎತ್ತರಕ್ಕೆ ಸರಿಹೊಂದಿಸುವುದು) ಬಗ್ಗೆಯೂ ಕೇಳಿ. ಇನ್ಶೂರೆನ್ಸ್‌ನವರಿಗೆ ಕೊಳ್ಳುವ ಮೊದಲೇ ತಿಳಿಸಿದರೆ ಒಳ್ಳೆಯದು.

ಈಗಿನ ಸ್ಥಿತಿ ಹೇಳುವುದಾದರೆ, ಸ್ಪ್ರಿಂಗಿನ ಕೆಳಗಿನ ಸುತ್ತಿನಲ್ಲಿ ಕಲ್ಲು ತಾಗಿ ಎರಡು ಕಡೆ ಪೇಂಟ್ ಎದ್ದಿದೆ. ಹೆಚ್ಚಾಗಿ ತುಕ್ಕು ಹಿಡಿದ ಕಡೆಯಿಂದಲೇ ಸ್ಪ್ರಿಂಗ್ ಮುರಿಯುವುದರಿಂದ ವರ್ಷಕ್ಕೊಮ್ಮೆ ಉಜ್ಜಿ ಬಣ್ಣ ಹಚ್ಚುತ್ತೇನೆ. ಪಾರ್ಕಿಂಗ್‌ನ ಕಾಂಕ್ರೀಟ್ ಕಟ್ಟೆಗೆ ಮುಂದಿನ ಬಂಪರ್ ಎರಡು ಸಲ ಉಜ್ಜಿದೆ, ಅದು ನನ್ನದೇ ತಪ್ಪು. ಮೈಲೇಜ್‌ನಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಂಪನಿ ಸ್ಪ್ರಿಂಗ್‌ಗಳನ್ನು ಎಸೆದಿಲ್ಲ. ಎಡಬಲ, ಹಿಂದೆಮುಂದೆ ಅಂತ ಚೀಟಿ ಕಟ್ಟಿ, ಗ್ರೀಸ್ ಸವರಿ ಅಟ್ಟದಲ್ಲಿಟ್ಟಿದ್ದೇನೆ, ಕಾರು ಮಾರುವ ದಿನಕ್ಕೆ. ಐವತ್ತು ಮಿ.ಮೀ. ಸೆಟ್ ಕೂಡ ಪಕ್ಕದಲ್ಲೇ ಇದೆ. ಬೇಕೆಂದು ಇಬ್ಬರು ಕೇಳಿದರು. ಕಾರಿನಲ್ಲಿ ಎಷ್ಟು ಜನ ಕೂರುತ್ತೀರಿ ಅಂತ ಕೇಳಿದೆ, ಇಬ್ಬರಿಗೂ ಕೊಡಲಿಲ್ಲ.