14 ತಿಂಗಳು ಬಳಸಿದ ಮೇಲೆ: ಪ್ರಶ್ನೆಗಳಿಗೆ ನಾಲ್ಕು ಸ್ಟಾರ್, ರೆಡಿಮೇಡ್ ಇಂಡೆಕ್ಸ್‌ಗೆ ಒಂದು

ಮೊದಲೇ ಹೇಳಿಬಿಡುತ್ತೇನೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಪ್ಯಾರಾಲೀಗಲ್ ಲೈಸೆನ್ಸ್ ಪರೀಕ್ಷೆಗೆ ತಯಾರಿ ಮಾಡಿಸುವ ಈ ಪ್ಯಾಕೇಜ್ ಇಟ್ಟುಕೊಂಡೇ ನಾನು ಒಂದು ಸಲ ಫೇಲಾದೆ, ಒಂದು ಸಲ ಪಾಸಾದೆ. ಎರಡರಲ್ಲೂ ಇದರ ಪಾಲಿದೆ. ಕೊಂಡ ವಾರವೇ ಐದು ಸ್ಟಾರ್ ಒತ್ತಿದವರ ಅಭಿಪ್ರಾಯಕ್ಕೂ ನನ್ನದಕ್ಕೂ ಸ್ವಲ್ಪ ವ್ಯತ್ಯಾಸ ಇರುತ್ತದೆ.

ನಾನು ಹಾಸನದ ಕಡೆಯವಳು. ಒಂಬತ್ತು ವರ್ಷದಿಂದ ಒಂಟಾರಿಯೊದ ಮಿಸ್ಸಿಸಾಗಾದಲ್ಲಿದ್ದೇನೆ. ಬಾಡಿಗೆ ಅಪಾರ್ಟ್‌ಮೆಂಟ್‌ಗಳನ್ನು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ಆಫೀಸ್ ಕೆಲಸ. ಎರಡು ಮಕ್ಕಳು. ಯಜಮಾನರಿಗೆ ವೇರ್‌ಹೌಸ್‌ನಲ್ಲಿ ಶಿಫ್ಟ್, ಒಂದು ವಾರ ಹಗಲು, ಒಂದು ವಾರ ರಾತ್ರಿ. ಸಂಜೆ ಕ್ಲಾಸಿನಲ್ಲಿ ಪ್ಯಾರಾಲೀಗಲ್ ಕೋರ್ಸ್ ಮುಗಿಸಿ, 120 ಗಂಟೆಯ ಫೀಲ್ಡ್ ಪ್ಲೇಸ್‌ಮೆಂಟ್‌ಗೆ ವರ್ಷದ ರಜೆಯನ್ನೆಲ್ಲ ಸುರಿದು, ಉಳಿದದ್ದು ಪರೀಕ್ಷೆ ಒಂದೇ ಅಲ್ವಾ ಅಂದುಕೊಂಡು 2023ರ ಆರಂಭದಲ್ಲಿ ಇದನ್ನು ಕೊಂಡೆ.

ಊರಿನಲ್ಲಿ ಓದುವವರಿಗೆ ಒಂದು ಮಾತು. ನಮ್ಮ ಕಡೆ ಪ್ಯಾರಾಲೀಗಲ್ ಅಂದರೆ ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ನೆನಪಾಗುತ್ತಾರೆ. ಇಲ್ಲಿ ಒಂಟಾರಿಯೊದಲ್ಲಿ ಹಾಗಲ್ಲ. 2007ರಿಂದ ಇದಕ್ಕೆ ಲೈಸೆನ್ಸ್ ಬೇಕು, ಕೊಡುವುದು ವಕೀಲರಿಗೂ ಲೈಸೆನ್ಸ್ ಕೊಡುವ ಲಾ ಸೊಸೈಟಿಯೇ. ಲೈಸೆನ್ಸ್ ಇದ್ದರೆ ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟ್, ಬಾಡಿಗೆ ಜಗಳ ನೋಡುವ ಬೋರ್ಡ್, ಟ್ರಾಫಿಕ್ ಟಿಕೆಟ್ ಕೇಸು, ಇಲ್ಲೆಲ್ಲ ಕಕ್ಷಿದಾರರ ಪರ ನಿಂತು ವಾದ ಮಾಡಬಹುದು.

ಪರೀಕ್ಷೆ ಓಪನ್ ಬುಕ್. ಇದೇ ದೊಡ್ಡ ಮೋಸ. ಸೂಪರ್ ವೀಸಾದಲ್ಲಿ (ಇಲ್ಲಿರುವವರ ಹೆತ್ತವರು ಬಂದು ಹೆಚ್ಚು ದಿನ ಇರಲು ಕೊಡುವ ವೀಸಾ) ಬಂದಿದ್ದ ನಮ್ಮ ಅತ್ತೆ ಒಂದು ರಾತ್ರಿ ನಾನು ಪುಟ ಮಡಚುತ್ತಾ ಕೂತಿದ್ದನ್ನು ನೋಡಿ, "ಅಲ್ಲ ಕಣೇ, ಪುಸ್ತಕ ನೋಡ್ಕೊಂಡು ಬರೆಯೋ ಪರೀಕ್ಷೆಗೆ ಇಷ್ಟೊಂದು ಓದ್ಬೇಕಾ?" ಅಂದರು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಆದರೆ ಒಂದು ಪ್ರಶ್ನೆಗೆ ಎರಡು ನಿಮಿಷವೂ ಸಿಗುವುದಿಲ್ಲ. ಲಾ ಸೊಸೈಟಿ ಕೊಡುವ ಸ್ಟಡಿ ಮೆಟೀರಿಯಲ್ ನೂರಾರು ಪುಟ. ಉತ್ತರ ಯಾವ ಪುಟದಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಪುಸ್ತಕ ಎದುರಿಗಿದ್ದೂ ಇಲ್ಲದ ಹಾಗೇ. ಅದಕ್ಕೇ ಎಲ್ಲರೂ ಇಂಡೆಕ್ಸ್ ಇಂಡೆಕ್ಸ್ (ಯಾವ ವಿಷಯ ಯಾವ ಪುಟದಲ್ಲಿ ಎಂಬ ಪಟ್ಟಿ) ಎಂದು ಬಡಿದುಕೊಳ್ಳುವುದು.

ಪ್ಯಾಕೇಜಿನಲ್ಲಿ ಮೂರು ಇವೆ: ವಿಡಿಯೊ, ಪ್ರಶ್ನೆಗಳು, ರೆಡಿಮೇಡ್ ಇಂಡೆಕ್ಸ್. ವಿಡಿಯೊ ಬಗ್ಗೆ ಹೇಳುವುದೇನಿಲ್ಲ, ಸ್ಲೈಡ್ ಓದುತ್ತಾರೆ. ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತಿದ್ದೆ.

ಪ್ರಶ್ನೆಗಳು ಮಾತ್ರ ನಿಜಕ್ಕೂ ಚೆನ್ನಾಗಿವೆ. ಇಪ್ಪತ್ತಿಪ್ಪತ್ತು ಪ್ರಶ್ನೆಗಳ ಸೆಟ್, ಫೋನಿನಲ್ಲೇ ಬರೆಯಬಹುದು. ಬಸ್ಸಿನಲ್ಲಿ ಹೋಗುವಾಗ ಒಂದು, ಮಗನ ಈಜು ಕ್ಲಾಸಿನ ಹೊರಗೆ ಕೂತು ಇನ್ನೊಂದು. ತಪ್ಪು ಉತ್ತರ ಯಾಕೆ ತಪ್ಪು ಎಂದು ವಿವರಿಸುತ್ತಾರೆ, ಅದು ನನಗೆ ಬಹಳ ಉಪಯೋಗಕ್ಕೆ ಬಂತು. ಯಾಕಂದ್ರೆ ನನಗೆ ತೊಂದರೆ ಕೊಟ್ಟಿದ್ದು ಗೊತ್ತಿಲ್ಲದ ವಿಷಯ ಅಲ್ಲ, ಆಫೀಸಿನಲ್ಲಿ ದಿನಾ ಮಾಡುವ ಕೆಲಸ. ಬಾಡಿಗೆ ಬಾಕಿ ಇದ್ದರೆ ಕೊಡುವ ಎನ್4 ನೋಟಿಸನ್ನು ನಾನು ಎಷ್ಟು ಕಳಿಸಿದ್ದೇನೋ ಲೆಕ್ಕವಿಲ್ಲ. ತಿಂಗಳ ಬಾಡಿಗೆಯವರಿಗೆ ಬಾಕಿ ಕಟ್ಟಲು ಇಲ್ಲವೇ ಮನೆ ಬಿಡಲು ಆಗ 14 ದಿನ ಕೊಡಬೇಕಿತ್ತು. ಆ ಗಡುವಿನ ಲೆಕ್ಕ ಕೇಳಿದ ಪ್ರಶ್ನೆಗೆ ಕಣ್ಣು ಮುಚ್ಚಿಕೊಂಡು ಉತ್ತರ ಒತ್ತಿದೆ, ತಪ್ಪು. ಪ್ರಶ್ನೆಯಲ್ಲಿ ನೋಟಿಸನ್ನು ಅಂಚೆಯಲ್ಲಿ ಕಳಿಸಿದ್ದರು. ಅಂಚೆಗೆ ಹಾಕಿದ ಐದನೇ ದಿನಕ್ಕೆ ಅದು ತಲುಪಿತು ಎಂದು ಕಾನೂನು ಲೆಕ್ಕ ಹಿಡಿಯುತ್ತದೆ, 14 ದಿನ ಶುರುವಾಗುವುದು ಆಮೇಲೆ. ನಾವು ಬಾಗಿಲ ಕೆಳಗೆ ತಳ್ಳಿ ಬರುವವರು, ಆ ಐದು ದಿನ ನನ್ನ ತಲೆಗೆ ಬಂದೇ ಇರಲಿಲ್ಲ. ಇಂಥ ಕಡೆ ಈ ಪ್ಯಾಕೇಜ್ ನನ್ನ ಕಿವಿ ಹಿಂಡಿದೆ, ಅದಕ್ಕೆ ದುಡ್ಡು ಕೊಟ್ಟಿದ್ದು ಸಾರ್ಥಕ.

ಆದರೆ ಹಳೇ ಸರಕು ಕೂಡ ಇದೆ, ನೋಡಿಕೊಳ್ಳಿ. ಸ್ಮಾಲ್ ಕ್ಲೇಮ್ಸ್ ಕೋರ್ಟಿನಲ್ಲಿ ದಾವೆ ಹಾಕಬಹುದಾದ ಮೊತ್ತದ ಮಿತಿ 2020ರ ಜನವರಿಯಲ್ಲೇ 25,000 ಡಾಲರ್‌ನಿಂದ 35,000ಕ್ಕೆ ಏರಿತ್ತು. ನಾನು ಬರೆದ ಸೆಟ್‌ಗಳಲ್ಲಿ ಎರಡು ಕಡೆ ಇನ್ನೂ 25,000 ಇತ್ತು. ಮೇಲ್ ಮಾಡಿದೆ, ನೋಡುತ್ತೇವೆ ಎಂದರು. ವರ್ಷ ಕಳೆದು ಎರಡನೇ ಸಲ ಅದೇ ಸೆಟ್ ತೆರೆದರೆ ಅದೇ 25,000. 2025ರ ಅಕ್ಟೋಬರ್‌ನಿಂದ ಮಿತಿ 50,000 ಆಗಿದೆ. ಈಗ ಕೊಳ್ಳುವವರು ಆ ಭಾಗವನ್ನು ಮೊದಲು ತೆರೆದು ನೋಡಿ, ಎಷ್ಟು ಹಳೆಯದು ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಇಂಡೆಕ್ಸ್. ನಾನು ದುಡ್ಡು ಕೊಟ್ಟಿದ್ದೇ ಇದಕ್ಕೆ. ಸಮಯ ಇಲ್ಲದವರಿಗಾಗಿಯೇ ಮಾಡಿದ್ದು ಅಂತ ಬರೆದಿದ್ದರು, ನನಗಿಂತ ಸಮಯ ಇಲ್ಲದವರು ಯಾರಿದ್ದಾರೆ? ಸ್ಟಡಿ ಮೆಟೀರಿಯಲ್ ವರ್ಷ ವರ್ಷ ಬದಲಾಗುತ್ತದೆ, ಪುಟಗಳೂ ಬದಲಾಗುತ್ತವೆ. ಹೊಸ ಮೆಟೀರಿಯಲ್‌ಗೆ ಹೊಂದುವ ಇಂಡೆಕ್ಸ್ ಸದ್ಯದಲ್ಲೇ ಎಂದು ಹೇಳುತ್ತಲೇ ಇದ್ದರು. ಬಂದಿದ್ದು ಪರೀಕ್ಷೆಗೆ ಒಂಬತ್ತು ದಿನ ಇರುವಾಗ. ಅಷ್ಟರಲ್ಲಿ ಹಳೆಯದನ್ನೇ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದೆ.

ಪುಟ ಸರಿ ಇದ್ದರೂ ಅದು ಬೇರೆಯವರ ಬೀರು. ನಮ್ಮ ಸೀರೆ ಎಲ್ಲಿದೆ ಎಂದು ಅವರಿಗೆ ಮಾತ್ರ ಗೊತ್ತು. ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವ ಹಾಗಿಲ್ಲ (2022ರಲ್ಲಿ ಸೋರಿಕೆಯ ಅನುಮಾನ ಬಂದು ವಕೀಲರ ಪರೀಕ್ಷೆಯನ್ನೇ ರದ್ದು ಮಾಡಿ ಬೇರೆ ದಿನಕ್ಕೆ ಹಾಕಿದ್ದರು, ತಮಾಷೆಯಲ್ಲ), ಹಾಗಾಗಿ ಮಾಕ್ ಟೆಸ್ಟಿನ ಉದಾಹರಣೆ ಕೊಡುತ್ತೇನೆ. ಕ್ಲೈಂಟ್ ಕೈಯಿಂದ 7,500 ಡಾಲರ್ ಅಥವಾ ಜಾಸ್ತಿ ನಗದು ತಗೊಳ್ಳಬಾರದು ಎಂದು ಒಂದು ನಿಯಮ ಇದೆ. ನಾನು 'ಕ್ಯಾಶ್' ಹುಡುಕಿದೆ, ಇಲ್ಲ. 'ಫೀಸ್' ಹುಡುಕಿದೆ, ಇಲ್ಲ. ಅವರು ಅದನ್ನು 'ಫ್ರಾಡ್' ಕೆಳಗೆ ಇಟ್ಟಿದ್ದರು. ನಾಲ್ಕು ನಿಮಿಷ ಹೋಯಿತು. ಮೊದಲ ಸಲ ಹಾಲ್‌ನಲ್ಲಿ ನನಗೆ ಆಗಿದ್ದೂ ಇದೇ ಕಥೆ, ಒಂದಲ್ಲ ಎರಡಲ್ಲ. ಕೊನೆಗೆ ಸುಮ್ನೆ ಒತ್ತಿ ಬಂದೆ.

ರಿಸಲ್ಟ್ ಬಂದ ದಿನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ. ಯಜಮಾನರು ಆ ವಾರ ರಾತ್ರಿ ಪಾಳಿ, ಹೋಗುವ ಮುಂಚೆ ಟೀ ಇಟ್ಟು ಹೋಗಿದ್ದರು.

ಎರಡನೇ ಸಲ ಮುಂದಿನ ವರ್ಷದ ಮೆಟೀರಿಯಲ್. ಈ ಸಲ ಇಂಡೆಕ್ಸ್ ನಾನೇ ಮಾಡಿದೆ. ಮಕ್ಕಳು ಮಲಗಿದ ಮೇಲೆ ಒಂಬತ್ತೂವರೆಯಿಂದ ಹನ್ನೊಂದು ಕಾಲು, ಹನ್ನೊಂದು ವಾರ. ಒಂದು ಅಧ್ಯಾಯ ಓದು, ಎಕ್ಸೆಲ್‌ನಲ್ಲಿ ಸಾಲು ಹಾಕು, ಅಷ್ಟೇ. ತಲೆಗೆ ಮೊದಲು ಬರುವ ಪದವನ್ನೇ ಬರೆದೆ, ಕೆಲವು ಕನ್ನಡದಲ್ಲೇ. 'ಬಾಡಿಗೆ ಬಾಕಿ', 'ನಗದು', 'ಅಂಚೆ = 5 ದಿನ'. ಮುಗಿಯುವ ಹೊತ್ತಿಗೆ ಗೊತ್ತಾಗಿದ್ದು, ಅರ್ಧ ಪುಟಗಳಿಗೆ ಇಂಡೆಕ್ಸ್ ನೋಡುವ ಅಗತ್ಯವೇ ಇರಲಿಲ್ಲ, ಕೈ ತಾನಾಗೇ ಅಲ್ಲಿಗೆ ಹೋಗುತ್ತಿತ್ತು. ಬಣ್ಣದ ಟ್ಯಾಬ್ ಅಂಟಿಸುವ ಗುತ್ತಿಗೆ ಮಗಳದ್ದು. ಟ್ರಸ್ಟ್ ಅಕೌಂಟ್ (ಕಕ್ಷಿದಾರರ ಹಣ ಇಡುವ ಖಾತೆ) ಭಾಗಕ್ಕೆ ಹಸಿರು ಎಂದಿದ್ದೆ, ಹಸಿರು ಮುಗಿಯಿತು ಅಂತ ಮಧ್ಯದಿಂದ ಗುಲಾಬಿ ಅಂಟಿಸಿದ್ದಳು. ಬೈದೆ, ಆಮೇಲೆ ಆ ಗುಲಾಬಿ ಶುರುವಾಗುವ ಪುಟ ಮಾತ್ರ ಜನ್ಮದಲ್ಲಿ ಮರೆಯಲಿಲ್ಲ. ಅತ್ತೆ ರೊಟ್ಟಿ ತಟ್ಟುತ್ತಾ ಪಟ್ಟಿಯಲ್ಲಿದ್ದ ಕನ್ನಡ ಪದ ಓದುವುದು, ನಾನು ಇಪ್ಪತ್ತು ಸೆಕೆಂಡಲ್ಲಿ ಪುಟ ತೆರೆಯುವುದು, ಹೀಗೂ ನಡೆಯಿತು.

ಪ್ಯಾಕೇಜನ್ನು ಆಗ ಬಳಸಿದ್ದು ಮಾಕ್ ಟೆಸ್ಟ್‌ಗೆ ಮಾತ್ರ. ನಾಲ್ಕು ಶನಿವಾರ ಲೈಬ್ರರಿಗೆ ಹೋಗಿ, ಫೋನ್ ಆಫ್ ಮಾಡಿ, ಪೂರ್ತಿ ಸಮಯ ಕೂತು ಬರೆದೆ. ಮನೆಯಲ್ಲಿ ಅದು ಆಗುವ ಮಾತಲ್ಲ.

ದುಡ್ಡಿನ ವಿಷಯ: ಮೊದಲು 340 ಡಾಲರ್, ಆರು ತಿಂಗಳು ಕಳೆದ ಮೇಲೆ ಪ್ರತಿ ಸಲ 90. ಆಟೊ ರಿನ್ಯೂವಲ್ ಕೊಳ್ಳುವಾಗಲೇ ಆನ್ ಆಗಿರುತ್ತದೆ, ಆಫ್ ಮಾಡುವ ಜಾಗ ಹುಡುಕಲು ಅದಕ್ಕೂ ಒಂದು ಇಂಡೆಕ್ಸ್ ಬೇಕು. ಪಾಸಾದ ಮೇಲೂ ಕಾರ್ಡಿನಿಂದ 90 ಕಡಿದರು. ವಾಪಸ್ ಬಂತು, ಮೂರು ಮೇಲ್ ಬೇಕಾಯಿತು. ಪ್ರಶ್ನೆಗಳು ಮಾತ್ರ ಬೇಕು ಎಂದರೆ ಕಡಿಮೆ ಬೆಲೆಯ ಪ್ಲಾನ್ ಒಂದಿದೆ, ಪೇಜಿನ ತೀರಾ ಕೆಳಗೆ. ಅದನ್ನು ತಗೊಳ್ಳಿ.

ಕಳೆದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿ, ಅಕ್ಕಾ ನಿಮ್ಮ ಇಂಡೆಕ್ಸ್ ಕಳಿಸ್ತೀರಾ ಎಂದು ಕೇಳಿದಳು. ಈ ವರ್ಷದ ಪುಟಗಳಿಗೆ ಅದು ಹೊಂದುವುದಿಲ್ಲ ಎಂದು ಹೇಳಿ, ಉಳಿದಿದ್ದ ಟ್ಯಾಬ್‌ಗಳ ಡಬ್ಬಿ ಕೊಟ್ಟು ಬಂದೆ. ಹಸಿರು ಮಾತ್ರ ಇಲ್ಲ.