ಕೈಯಲ್ಲಿ ದುಡ್ಡಿದ್ದೂ ಬೈಕಿಗೆ ಸಾಲ ಮಾಡಿದೆ

ಬೈಕ್ ತೆಗೆದುಕೊಳ್ಳಲು ಹೊರಟವರು ಶೋರೂಮಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಿ. ಯಾರೋ ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಸಹಿ ಹಾಕಿದ್ದು ನಾನೇ. ಓದದೆ ಹಾಕಿದೆ, ಅಷ್ಟೆ.

ಕಾರವಾರದ ಬೈತಖೋಲ ಬಂದರಿನ ಹತ್ತಿರ ನನ್ನದೊಂದು ಸಣ್ಣ ಚಹಾದ ಅಂಗಡಿ. ಬೋಟುಗಳು ಹೋಗಿ ಬಂದು ಮಾಡಿದರೆ ವ್ಯಾಪಾರ, ಬೋಟು ದಡಕ್ಕೆ ನಿಂತರೆ ನಮ್ಮ ಒಲೆಯೂ ಅರ್ಧ ಆರಿದ ಹಾಗೆ. 2024ರ ಮಾರ್ಚಿನಲ್ಲಿ ನನ್ನ ಖಾತೆಯಲ್ಲಿ 1,14,000 ರೂಪಾಯಿ ಇತ್ತು. ಬೈಕಿನ ಆನ್‌ರೋಡ್ ಬೆಲೆ 1,12,000. ಪೂರ್ತಿ ಕೊಟ್ಟು ತರೋಣ ಎಂದೇ ಹೋಗಿದ್ದೆ.

"ಕ್ಯಾಶಾ ಸರ್?" ಎಂದು ಕೇಳಿದ ಹುಡುಗನ ಮುಖ ಸ್ವಲ್ಪ ಸಪ್ಪೆಯಾಯಿತು. ಆಮೇಲೆ ಶುರು ಮಾಡಿದ. ಇದ್ದ ದುಡ್ಡೆಲ್ಲ ಒಂದೇ ಸಲ ಯಾಕೆ ಹಾಕುತ್ತೀರಿ, ಕೈಯಲ್ಲಿ ಇರಲಿ, ನಾಳೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ? 32,000 ಕಟ್ಟಿ, 80,000 ಫೈನಾನ್ಸ್ ಮಾಡಿಸೋಣ. ತಿಂಗಳಿಗೆ ನೂರಕ್ಕೆ ಒಂದೇ ರೂಪಾಯಿ ಬಡ್ಡಿ. ಬಂದರಿನಲ್ಲಿ ಕೈಸಾಲಕ್ಕೆ ಇದಕ್ಕಿಂತ ಜಾಸ್ತಿ ಬಡ್ಡಿ ಕೇಳಿದ ನನಗೆ ಇದು ಪುಕ್ಕಟೆಯ ಹಾಗೇ ಕಂಡಿತು. ಕ್ಯಾಶ್ ಆದರೆ ಏನಾದರೂ ಕಡಿಮೆ ಮಾಡುತ್ತೀರಾ ಎಂದು ಕೇಳಿದ್ದಕ್ಕೆ, "ಇಲ್ಲ ಸರ್, ಕ್ಯಾಶಿಗೆ ಏನೂ ಇಲ್ಲ" ಎಂದ. ಸಾಲ ಮಾಡಿಸಿದರೆ ಫೈನಾನ್ಸ್ ಕಂಪನಿಯಿಂದ ಶೋರೂಮಿಗೆ ಕಮಿಷನ್ ಬರುತ್ತದೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಅವನ ಸಪ್ಪೆ ಮುಖದ ಅರ್ಥವೂ ಆಗುತ್ತಿತ್ತು.

ಹೊರಡುವಾಗ 32,000 ಅನ್ನುವುದು 38,000 ಆಗಿತ್ತು. ಪ್ರೊಸೆಸಿಂಗ್ ಫೀ 2,500, ಸಾಲದ ಮೇಲೊಂದು ಇನ್ಶೂರೆನ್ಸ್ 2,900, ಸ್ಟಾಂಪು ಮತ್ತು ಕಾಗದಪತ್ರ 600. ಆ ಇನ್ಶೂರೆನ್ಸ್ ಬೈಕಿನದ್ದಲ್ಲ, ಅದು ಬೇರೆಯೇ ಇತ್ತು. ಇದು ನಾನು ಸತ್ತರೆ ಸಾಲ ತೀರಿಸುವ ಪಾಲಿಸಿ. ಬೇಕಾ ಎಂದು ಯಾರೂ ಕೇಳಲಿಲ್ಲ, ಬೇಡ ಎಂದು ನಾನೂ ಹೇಳಲಿಲ್ಲ.

ಈಗ ಆ ಒಂದು ರೂಪಾಯಿ ಬಡ್ಡಿಯ ವಿಷಯ. ಇದು ನಿಧಾನವಾಗಿ ನೋಡಬೇಕಾದ ಲೆಕ್ಕ. 80,000ಕ್ಕೆ ವರ್ಷಕ್ಕೆ ಶೇಕಡಾ 12 ಅಂದರೆ 9,600. ಮೂರು ವರ್ಷಕ್ಕೆ 28,800. ಅದನ್ನು ಅಸಲಿಗೆ ಸೇರಿಸಿ 36 ತಿಂಗಳಿಗೆ ಹಂಚಿದರು, ಕಂತು 3,022 ರೂಪಾಯಿ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ ಪ್ರತಿ ತಿಂಗಳೂ ನಾನು ಅಸಲನ್ನೂ ಸ್ವಲ್ಪ ಸ್ವಲ್ಪ ತೀರಿಸುತ್ತಿದ್ದೇನೆ. ಮೂರನೇ ವರ್ಷ ನನ್ನ ಹತ್ತಿರ ಅವರ ದುಡ್ಡು ಉಳಿದಿರುವುದೇ ಕಡಿಮೆ. ಬಡ್ಡಿ ಮಾತ್ರ ಆಗಲೂ ಪೂರ್ತಿ 80,000ದ ಮೇಲೆ! ಇದಕ್ಕೆ ಫ್ಲಾಟ್ ರೇಟ್ ಎನ್ನುತ್ತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಬ್ಯಾಂಕ್ ಲೆಕ್ಕದಲ್ಲಿ ನೋಡಿದರೆ ನನ್ನ ಬಡ್ಡಿ ಶೇಕಡಾ 12 ಅಲ್ಲ, 21ಕ್ಕೂ ಜಾಸ್ತಿ. ಅದೇ 80,000ಕ್ಕೆ, ಉಳಿದ ಅಸಲಿನ ಮೇಲೆ ನಿಜವಾಗಿ ಶೇಕಡಾ 12 ಹಾಕಿದ್ದರೆ ಕಂತು 2,657 ಆಗಬೇಕಿತ್ತು, ಮೂರು ವರ್ಷದ ಬಡ್ಡಿ 15,700ರ ಒಳಗೆ ಮುಗಿಯುತ್ತಿತ್ತು.

ಕೈಯಲ್ಲಿ ಉಳಿಯಲಿ ಎಂದಿದ್ದ 76,000 ಏನಾಯಿತು ಎಂದು ಕೇಳಬೇಡಿ. ಕೇಳಿದರೂ ಉತ್ತರ ಒಂದೇ: ಉಳಿಯಲಿಲ್ಲ. ಮಳೆಗಾಲಕ್ಕೆ ಮೊದಲು ಮಾಡಿಗೆ ಶೀಟು ಹಾಕಿಸಿದೆ, ಅಂಗಡಿಗೊಂದು ಹಳೇ ಫ್ರಿಜ್ ತಂದೆ, ಅಕ್ಕನ ಮಗಳ ಮದುವೆ ಬಂತು. ಮೇ ಕೊನೆಗೆ ಖಾತೆಯಲ್ಲಿ 9,000 ಇತ್ತು.

ಆಮೇಲೆ ಜೂನ್. ಇಲ್ಲಿಯವರಿಗೆ ಹೇಳಬೇಕಿಲ್ಲ, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಂದರಿನಲ್ಲಿ ಬಲೆ ಹೆಣೆಯುವವರು ನಾಲ್ಕು ಜನ, ಚಹಾ ಕುಡಿಯುವವರೂ ಅಷ್ಟೇ ಜನ. ಕಂತು ಮಾತ್ರ ತಿಂಗಳ 5ನೇ ತಾರೀಕು ತಪ್ಪದೆ ಬರುತ್ತದೆ. ಜುಲೈ ಕಂತು ಬೌನ್ಸ್ ಆಯಿತು. ಆಗಸ್ಟಿನದ್ದೂ ಆಯಿತು. ಬೋಟು ಹೋದ ಐದೇ ದಿನಕ್ಕೆ ಯಾರ ಕೈಯಲ್ಲಿ ದುಡ್ಡು ಓಡಾಡುತ್ತದೆ? ಪ್ರತಿ ಬೌನ್ಸಿಗೆ ಫೈನಾನ್ಸಿನವರು 590, ನನ್ನ ಬ್ಯಾಂಕಿನವರು 295 ಹಿಡಿದರು. ವಸೂಲಿಯವನೊಬ್ಬ ಅಂಗಡಿಗೇ ಬಂದು, ಗಿರಾಕಿಗಳ ಎದುರೇ ದೊಡ್ಡ ದನಿಯಲ್ಲಿ ಮಾತಾಡಿದ. ರಾತ್ರಿ ಒಂಬತ್ತಕ್ಕೆ ಫೋನೂ ಬಂತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಿಮಗೆ ಹಾಗಾದರೆ ಮೊದಲು ಆ ಕಂಪನಿಗೇ ಬರೆದು ದೂರು ಕೊಡಿ, ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ವಿಚಾರಿಸುವ ಅಧಿಕಾರಿಗೆ. ಸಹಾಯಕ್ಕೆ ಫೋನ್ ನಂಬರ್ 14448. ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ, ಸುಮ್ನೆ ತಲೆ ತಗ್ಗಿಸಿ ನಿಂತಿದ್ದೆ.

ಆಮೇಲಿನ ಸೀಸನ್ ತಕ್ಕಮಟ್ಟಿಗೆ ಚೆನ್ನಾಗಿತ್ತು. ಮತ್ತೆ ಜೂನ್ ಬರುವ ಮೊದಲೇ ಸಾಲ ಮುಗಿಸಿಬಿಡೋಣ ಎಂದು 2025ರ ಮೇ ತಿಂಗಳಲ್ಲಿ ಹೋದೆ. 14 ಕಂತು ಕಟ್ಟಿದ್ದೆ, ಒಟ್ಟು 42,300. ಅದರಲ್ಲಿ ಅಸಲಿಗೆ ಹೋಗಿದ್ದು 25,300 ಮಾತ್ರ. ಉಳಿದ 17,000 ಬಡ್ಡಿ, ಆ ಶೇಕಡಾ 21ರ ಲೆಕ್ಕದಲ್ಲಿ. ಬಾಕಿ 54,700. ಅದರ ಮೇಲೆ, ಬೇಗ ತೀರಿಸಿದ್ದಕ್ಕೆ ದಂಡ ಶೇಕಡಾ 4, ಆ ದಂಡಕ್ಕೆ ಜಿಎಸ್‌ಟಿ. ಕಟ್ಟಿದ್ದು 57,280. ಸಾಲ ಬೇಗ ತೀರಿಸುವುದೂ ತಪ್ಪೇನೋ ಮಾರಾಯ್ರೆ! ಬಡ್ಡಿ, ಶುರುವಿನ 6,000, ಬೌನ್ಸಿಗೆ ಹಿಡಿದದ್ದು, ಈ ದಂಡ ಎಲ್ಲ ಸೇರಿ 14 ತಿಂಗಳಿಗೆ 27,000 ಚಿಲ್ಲರೆ ಜಾಸ್ತಿ ಹೋಯಿತು.

ದುಡ್ಡು ಕಟ್ಟಿದ ಮೇಲೂ ಬೈಕು ಪೂರ್ತಿ ನನ್ನದಾಗಲಿಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಇರುತ್ತದೆ. ಅವರಿಂದ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಹಿ ಮಾಡಿದ ಫಾರ್ಮ್ 35 (ಆ ಹೆಸರು ತೆಗೆಸುವ ಅರ್ಜಿ) ತೆಗೆದುಕೊಂಡು ಆರ್‌ಟಿಒಗೆ ಅರ್ಜಿ ಕೊಟ್ಟು ತೆಗೆಸಬೇಕು. ಬೈಕಿನ ಇನ್ಶೂರೆನ್ಸಿನಲ್ಲೂ ಆ ಹೆಸರು ತೆಗೆಸಿ.

ಎಲ್ಲರೂ ಕ್ಯಾಶೇ ಕೊಡಿ ಎಂದು ನಾನು ಹೇಳುವುದಿಲ್ಲ. ಕೈಗಾ ಕಡೆ ಕೆಲಸಕ್ಕಿರುವ ನನ್ನ ಗೆಳೆಯ ಬ್ಯಾಂಕಿನಿಂದಲೇ ಬೈಕ್ ಸಾಲ ಮಾಡಿದ, ತಿಂಗಳ ಸಂಬಳ, ಅವನಿಗೆ ಏನೂ ಅನ್ನಿಸಲಿಲ್ಲ. ನಮ್ಮ ಹಾಗೆ ಸೀಸನ್ ನಂಬಿದವರಿಗೆ ಮಾತ್ರ ಇದು ಬೇರೆಯೇ ಲೆಕ್ಕ. ಸಾಲ ಬೇಕೇ ಬೇಕು ಎಂದಿದ್ದರೆ ಬಡ್ಡಿ ಎಷ್ಟು ಎಂದು ಬಾಯಿಮಾತಲ್ಲಿ ಕೇಳಬೇಡಿ. 2024ರ ಅಕ್ಟೋಬರ್ 1ರಿಂದ ಕೊಡುವ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಕಾಗದ ಕೊಡಲೇಬೇಕು, ನಮಗೆ ಅರ್ಥವಾಗುವ ಭಾಷೆಯಲ್ಲೇ. ಫೀಸು ಎಲ್ಲ ಸೇರಿಸಿದ ನಿಜವಾದ ವರ್ಷದ ಬಡ್ಡಿ ಅದರಲ್ಲಿ ಎಪಿಆರ್ ಎಂದು ಬರೆದಿರುತ್ತದೆ. ಬೇಗ ತೀರಿಸಿದರೆ ದಂಡ ಎಷ್ಟು ಎಂಬುದೂ ಇರುತ್ತದೆ. ಸಹಿಗೆ ಮೊದಲು ಅದನ್ನು ಮನೆಗೆ ತನ್ನಿ. ಕ್ಯಾಶ್ ಕೊಡುವವರೂ ಸ್ವಲ್ಪ ನೋಡಿ: ಹ್ಯಾಂಡ್ಲಿಂಗ್ ಚಾರ್ಜ್ ಎಂದು ರಸೀದಿ ಇಲ್ಲದೆ ಕೇಳಿದರೆ ಕೊಡಬೇಡಿ, ಬೈಕಿನ ಇನ್ಶೂರೆನ್ಸನ್ನು ಶೋರೂಮಿನಲ್ಲೇ ಮಾಡಿಸಬೇಕೆಂದೂ ಇಲ್ಲ.

ಲೆಕ್ಕ ಗೊತ್ತಾಗದಿದ್ದರೆ ಕೊಟೇಶನ್ ಹಿಡಿದು ಅಂಗಡಿಗೆ ಬನ್ನಿ. ಸಾಲ ಎಷ್ಟು, ಎಷ್ಟು ತಿಂಗಳು, ಕಂತು ಎಷ್ಟು, ಈ ಮೂರು ಅಂಕಿ ಸಾಕು. ಜೂನ್, ಜುಲೈಯಲ್ಲಿ ಬೋಟು ದಡದಲ್ಲೇ ಇರುತ್ತವೆ, ಆಗ ನನಗೂ ಪುರುಸೊತ್ತು.